ಗಂಡಸು ಹೇಳದ ಬ್ಯಾನಿ

ಮುನವಳ್ಳಿಯ ಪರಸಪ್ಪನ ಮನೆಯಲ್ಲಿ ಗಂಡಸರು ಮೊದಲು ಉಣ್ಣುವುದು ವಾಡಿಕೆ. ಕರೆವ್ವ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತ, ಬಿಸಿ ರೊಟ್ಟಿಯನ್ನು ಗಂಡನ ತಾಟಿಗೊಂದು ಮಗನ ತಾಟಿಗೊಂದು ಹಾಕುವಳು. ಪರಸಪ್ಪ ಹರೆಯದಲ್ಲಿ ಹೆಸರಾದ ಪೈಲವಾನ. ಅರವತ್ತು ದಾಟಿದ ಮೇಲೂ ಎದೆ ಮುಂದೆ ಮಾಡಿಕೊಂಡೇ ನಡೆಯುತ್ತಿದ್ದ. ಒಬ್ಬನೇ ಮಗ ಕಲ್ಮೇಶನನ್ನೂ ಗರಡಿಗೆ ಹಾಕಿದ್ದ. ಮೊಣಕಾಲು ತಿರುಗಿದ ಮೇಲೆ ಕಲ್ಮೇಶ ಕುಸ್ತಿ ಬಿಟ್ಟು, ಬಸ್ ನಿಲ್ದಾಣದ ಹತ್ತಿರ ಮೋಟಾರು ವೈಂಡಿಂಗ್ ಅಂಗಡಿ ಇಟ್ಟಿದ್ದ. ಸುತ್ತಲಿನ ಹೊಲಗಳಲ್ಲಿ ಸುಟ್ಟುಹೋದ ಪಂಪುಗಳೆಲ್ಲ ಅವನ ಅಂಗಡಿಗೇ ಬರುತ್ತಿದ್ದವು. ಮಿತಮಾತಿನವನು, ಕೈ ಮಾತ್ರ ಚುರುಕು.

ಆ ಮನೆಯಲ್ಲಿ ಬ್ಯಾನಿ ಎನ್ನುವುದು ಹೆಂಗಸರಿಗೆ ಮತ್ತು ದನಗಳಿಗೆ ಬರುವ ಸಂಗತಿಯಾಗಿತ್ತು. ಗಂಡಸಿಗೆ ಪೆಟ್ಟು ಬೀಳಬಹುದು, ಜ್ವರ ಬರಬಹುದು. ಅದಕ್ಕಿಂತ ಹೆಚ್ಚಿನದನ್ನು ಅವನು ಬಾಯಿಬಿಟ್ಟು ಹೇಳಬಾರದು. ಸೊಂಟದ ಕೆಳಗಿನದನ್ನಂತೂ ಹೇಳಲೇಬಾರದು. ಇದು ಪರಸಪ್ಪನ ಮನೆಯೊಂದರ ರೂಢಿಯಲ್ಲ. ಇದನ್ನು ಓದುತ್ತಿರುವವರ ಮನೆಯಲ್ಲೂ ಇರಬಹುದು.

ಕಲ್ಮೇಶನಿಗೆ ಇಪ್ಪತ್ತಾರು ತುಂಬಿದ ವರ್ಷ, ಒಂದು ಬೆಳಿಗ್ಗೆ ಸ್ನಾನ ಮಾಡುವಾಗ ಬಲಗಡೆಯ ಬೀಜದಲ್ಲಿ ಶೇಂಗಾ ಕಾಳಿನಷ್ಟು ಗಟ್ಟಿಯಾದದ್ದು ಕೈಗೆ ಹತ್ತಿತು. ಒತ್ತಿದರೆ ನೋವಿಲ್ಲ. ನೋವಿಲ್ಲದ್ದು ರೋಗ ಹೇಗಾದೀತು ಎಂದುಕೊಂಡ. ಆದರೂ ದಿನಾ ಸ್ನಾನದ ಹೊತ್ತಿಗೆ ಕೈ ಅಲ್ಲಿಗೇ ಹೋಗುತ್ತಿತ್ತು. ತಿಂಗಳುಗಳು ಕಳೆದಂತೆ ಅದು ಬೆಳೆಯಿತು. ಇಡೀ ಬೀಜವೇ ಕಲ್ಲಿನಂತೆ ಗಟ್ಟಿಯಾಗಿ ಭಾರವಾಯಿತು. ಆಗ ಅವನಿಗೆ ಹೆದರಿಕೆ ಹುಟ್ಟಿತು.

ಹೊಲದಲ್ಲಿ ನೀರು ತಿರುವುತ್ತಿದ್ದ ಅಪ್ಪನ ಬಳಿ ಹೋಗಿ, ಕಾಲುವೆಯ ಕಡೆ ಮುಖ ಮಾಡಿ ನಿಂತು ಹೇಳಿದ. ಪರಸಪ್ಪನೂ ಮಗನ ಮುಖ ನೋಡಲಿಲ್ಲ.

"ಗರಡ್ಯಾಗ ಎಲ್ಲ್ಯೋ ಪೆಟ್ಟ ಬಿದ್ದಿರಬೇಕ, ಇಲ್ಲಾಂದ್ರ ಉಷ್ಣ. ನಮ್ಮ ಕಾಲದಾಗೂ ಪೈಲವಾನರಿಗೆ ಆಗತಿತ್ತು. ಮಲಕಾಜಪ್ಪ ಲೇಪ ಕೊಡತಾನ, ಹೋಗಿ ಬರೋಣು. ನಿಮ್ಮವ್ವನ ಮುಂದ ಹೇಳಬ್ಯಾಡ."

ಮಲಕಾಜಪ್ಪ ನಾಟಿ ಔಷಧ ಕೊಡುವ ಮುದುಕ. ಬಟ್ಟೆ ಸರಿಸಿ ನೋಡದೆ, ಬರೀ ಬಾಯಿಮಾತಿನಲ್ಲಿ ಕೇಳಿ ತಿಳಿದುಕೊಂಡು ಉಷ್ಣದ ಗಂಟು ಎಂದ. ಬೇರು ಅರೆದು ಕೊಟ್ಟ, ಬಿಗಿಯಾಗಿ ಬಟ್ಟೆ ಕಟ್ಟಿಕೊಳ್ಳಲು ಹೇಳಿದ. ಕಲ್ಮೇಶ ಅವನು ಹೇಳಿದಂತೆಯೇ ಮಾಡಿದ. ಚರ್ಮ ಸುಲಿಯಿತು. ಗಂಟು ಕರಗಲಿಲ್ಲ.

ಅದೇ ಹೊತ್ತಿಗೆ ಸಂಪಗಾಂವದ ಹೆಣ್ಣು ಗೊತ್ತಾಯಿತು. ಹೆಸರು ಅನ್ನಪೂರ್ಣಾ. ಬಿ.ಎ. ಮುಗಿಸಿ ಊರಿನ ಖಾಸಗಿ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಕಲಿಸುತ್ತಿದ್ದಳು. ನಿಶ್ಚಯದ ದಿನ ಕಲ್ಮೇಶ ಅವಳನ್ನು ನೋಡಿದ, ಅವಳು ನಕ್ಕಳು. ಆ ನಗೆ ನೋಡಿದ ಮೇಲೆ ಅವನಿಗೆ ಧೈರ್ಯ ಬಂತೋ ಭಯ ಹೆಚ್ಚಿತೋ ಹೇಳುವುದು ಕಷ್ಟ. ವಾರ ಕಳೆಯುವುದರೊಳಗೆ ಯಾರಿಗೂ ಹೇಳದೆ ಬೈಲಹೊಂಗಲದ ಬಸ್ಸು ಹತ್ತಿದ.

ಅಲ್ಲಿ ಶಸ್ತ್ರವೈದ್ಯ ನಿಜಗುಣಪ್ಪ ಅವನನ್ನು ಪರೀಕ್ಷಿಸಿ, ತಡಮಾಡದೆ ಅಂದೇ ಸ್ಕ್ಯಾನ್ ಮಾಡಿಸಲು ಎದುರಿನ ಕಟ್ಟಡಕ್ಕೆ ಕಳಿಸಿದರು. ಸ್ಕ್ಯಾನ್ ಕೋಣೆಯಲ್ಲಿ ಕುಳಿತಿದ್ದವರು ಹೆಂಗಸು, ಡಾಕ್ಟರ್ ಪ್ರಜ್ಞಾ. "ಬಟ್ಟಿ ಸರಿಸಿ ಮಲಕೋರಿ, ಹೆದರಬ್ಯಾಡ್ರಿ" ಎಂದು ಅವರು ಹೇಳುವಷ್ಟರಲ್ಲಿ ಕಲ್ಮೇಶ ಮಂಚದಿಂದ ಎದ್ದು, ಚಪ್ಪಲಿಯನ್ನೂ ಸರಿಯಾಗಿ ಮೆಟ್ಟದೆ ಹೊರಗೆ ಬಂದುಬಿಟ್ಟ.

ಅವನನ್ನು ಹೇಡಿ ಎನ್ನಬಾರದು. ಹತ್ತಾರು ಸಾವಿರ ಜನರೆದುರು ಲಂಗೋಟ ಕಟ್ಟಿ ಮಣ್ಣಿಗಿಳಿದವನು ಅವನು. ಆ ಒಂದು ಕೋಣೆಯಲ್ಲಿ ಮಾತ್ರ ಅವನಿಗೆ ಮಲಗಲಾಗಲಿಲ್ಲ, ಏಕೆಂದರೆ ಅದು ತಪ್ಪಲ್ಲ ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

ನಿಜಗುಣಪ್ಪ ಬಿಡಲಿಲ್ಲ. ಮರುದಿನ ತಾವೇ ಫೋನು ಮಾಡಿ, ಮನೆಯ ಹಿರಿಯರನ್ನು ಕರೆದುಕೊಂಡು ಬರಲು ಹೇಳಿದರು. ಪರಸಪ್ಪ ಕಿವಿ ತುಸು ಮಂದವಾದ ತನ್ನ ಅಣ್ಣ ಮುದಕಪ್ಪನನ್ನೂ ಜೊತೆಗೆ ಕರೆತಂದ. ಮನೆತನದಲ್ಲಿ ಮುದಕಪ್ಪನ ಮಾತೇ ಕೊನೆಯದು.

"ಇದು ಕ್ಯಾನ್ಸರ್ ಇರಬೇಕು ಅಂತ ನನಗ ಅನಸತೈತಿ" ಎಂದರು ವೈದ್ಯರು. "ಸ್ಕ್ಯಾನ್, ರಕ್ತ ಪರೀಕ್ಷಾ ಮಾಡಿಸಿದ್ರ ಗೊತ್ತಾಗತೈತಿ. ಹರೇದ ಹುಡುಗರಿಗೆ ಬರೋ ರೋಗ ಇದು. ಲಗೂನ ಹಿಡದ್ರ ಭಾಳ ಮಂದಿ ಪೂರಾ ಆರಾಮ ಆಗತಾರ. ಆ ಒಂದು ಬೀಜ ತಗೀಬೇಕಾಗತೈತಿ, ಅಷ್ಟ."

ಮುದಕಪ್ಪ ಕುರ್ಚಿಯಲ್ಲಿ ನೆಟ್ಟಗೆ ಕುಳಿತ. "ತಗದ ಮ್ಯಾಲೆ ಅವ ಗಂಡಸು ಹೆಂಗ ಆಗತಾನ್ರಿ ಸಾಹೇಬ್ರ?"

"ಇನ್ನೊಂದು ಇರತೈತಲ್ಲರಿ. ಸಂಸಾರಕ್ಕ ಅಷ್ಟ ಸಾಕು. ಮಕ್ಕಳೂ ಆಗತಾವ."

"ನಿಮ್ಮ ಪುಸ್ತಕದಾಗ ಹಂಗ ಇರಬಹುದು. ಊರಾಗ ಯಾರು ಕೇಳತಾರ? ಬರೋ ತಿಂಗಳ ಲಗ್ನ ಐತಿ. ಈಗ ಆಪರೇಶನ್ ಅಂದ್ರ ಹೆಣ್ಣಿನವರ ಕಿವಿಗೆ ಬೀಳೂದಿಲ್ಲೇನು?"

"ಅವರಿಗೆ ನೀವ ಹೇಳಬೇಕರಿ. ಮದವಿ ನಾಕ ತಿಂಗಳ ಮುಂದ ಹಾಕಬಹುದು. ರೋಗ ನಿಮ್ಮ ಮುಹೂರ್ತ ನೋಡಿಕೊಂಡ ಕೂಡೂದಿಲ್ಲ."

"ಲಗ್ನ ಆಗಲಿ, ಆಮ್ಯಾಲೆ ಬರತೇವಿ" ಎಂದು ಮುದಕಪ್ಪ ಎದ್ದ. ಪರಸಪ್ಪ ಅಣ್ಣನ ಹಿಂದೆ ಎದ್ದ. ಕಲ್ಮೇಶ ಕುಳಿತೇ ಇದ್ದ. ವೈದ್ಯರು ಅವನನ್ನೇ ಕೇಳಿದರು, "ನೀ ಏನಂತಿ ತಮ್ಮಾ? ಮೈ ನಿಂದೈತಿ." ಅವನು ಅಪ್ಪನ ಬೆನ್ನನ್ನು ನೋಡಿದ. "ಹಿರ್ಯಾರು ಹೇಳಿದಂಗರಿ" ಎಂದು ಎದ್ದುಹೋದ.

ಲಗ್ನ ಆಯಿತು. ಊರವರು ಉಂಡು ಹೊಗಳಿದರು. ಸೀರೆಯ ಸೆರಗು ಸರಿಮಾಡಿಕೊಳ್ಳುತ್ತ ಅನ್ನಪೂರ್ಣಾ ಗಂಡನ ಪಕ್ಕದಲ್ಲಿ ಕುಳಿತಿದ್ದಳು. ಅವನು ಬೆವರುತ್ತಿರುವುದನ್ನು ನೋಡಿ, ಹೋಮದ ಸೆಕೆ ಇರಬೇಕೆಂದು ತನ್ನ ಕರವಸ್ತ್ರ ಕೊಟ್ಟಳು.

ಹೊಸ ಮನೆಯಲ್ಲಿ ಅವಳಿಗೆ ಯಾವ ಕೊರತೆಯೂ ಇರಲಿಲ್ಲ. ಗಂಡ ಒಳ್ಳೆಯವನು, ಎತ್ತರದ ದನಿಯಲ್ಲಿ ಮಾತಾಡಿದವನಲ್ಲ. ಆದರೆ ಹತ್ತಿರ ಬರುತ್ತಿರಲಿಲ್ಲ. ಅವಳಿಗೆ ಎಚ್ಚರವಾದಾಗಲೆಲ್ಲ ಅವನು ಗೋಡೆಗೊರಗಿ ಕುಳಿತಿರುತ್ತಿದ್ದ. ಹಗಲು ಅಂಗಡಿಯಲ್ಲಿ ತಂತಿ ಸುತ್ತುತ್ತಲೇ ತೂಕಡಿಸುತ್ತಿದ್ದನಂತೆ. ನಿದ್ದೆ ಯಾಕೆ ಬರುತ್ತಿಲ್ಲ ಎಂದು ಅತ್ತೆಯನ್ನು ಕೇಳಿದಳು.

"ಕರೆಂಟಿನ ಕೆಲಸ ಅಲ್ಲೇನವ್ವಾ, ಮೈ ಉರಿ ಆಗತೈತಿ. ತಲಿಗೆ ಎಣ್ಣಿ ಹಚ್ಚ" ಎಂದಳು ಕರೆವ್ವ. ಅವಳಿಗೂ ನಿಜ ಗೊತ್ತಿರಲಿಲ್ಲ. ಗಂಡಸರು ಅವಳಿಗೂ ಹೇಳಿರಲಿಲ್ಲ.

ಅನ್ನಪೂರ್ಣಾ ಎಣ್ಣೆ ಹಚ್ಚಿದಳು, ಹಾಲಿಗೆ ಗಸಗಸೆ ಅರೆದು ಕೊಟ್ಟಳು. ನಿದ್ದೆ ಬರಲಿಲ್ಲ. ಓಣಿಯ ಹೆಂಗಸರು ಅವಳ ಹೊಟ್ಟೆ ನೋಡಿ "ಏನರ ವಿಶೇಷ ಐತೇನ?" ಎಂದು ಕೇಳುವುದಕ್ಕೆ ಶುರುಮಾಡಿದರು. ತಾನು ಅವನಿಗೆ ಮನಸ್ಸಿಗೆ ಬಂದಿಲ್ಲ ಎಂದುಕೊಂಡು, ಬಚ್ಚಲ ಮನೆಯಲ್ಲಿ ನೀರಿನ ಸಪ್ಪಳ ಮಾಡಿ ಅಳುತ್ತಿದ್ದಳು. ಇತ್ತ ಅವನಿಗೆ ಬೆನ್ನು ನೋಯಲು ಹತ್ತಿತು. ಕೆಮ್ಮು ಬಂತು. "ಲಗ್ನ ಆದ ಮೇಲೆ" ಎಂದಿದ್ದ ಹಿರಿಯರು ಸುಗ್ಗಿ ಮುಗಿಯಲಿ ಎಂದರು, ಆಮೇಲೆ ಸೊಸೆ ಬಸಿರಾಗಲಿ ಎಂದರು.

ಒಂದು ಮಧ್ಯಾಹ್ನ ಅವಳು ಬುತ್ತಿ ತೆಗೆದುಕೊಂಡು ಅಂಗಡಿಗೆ ಹೋದಾಗ ಅವನು ಮೋಟಾರಿನ ಮೇಲೆ ಬಾಗಿ ಕೆಮ್ಮುತ್ತಿದ್ದ. ಬಾಯಿ ಒರೆಸಿದ ಅರಿವೆಯಲ್ಲಿ ರಕ್ತವಿತ್ತು. ಅನ್ನಪೂರ್ಣಾ ಷಟರ್ ಅರ್ಧ ಎಳೆದು ಎದುರು ಕುಳಿತಳು. "ಈಗ ಹೇಳ್ರಿ" ಎಂದಳು.

ಅವನು ಹೇಳಿದ. ಕಾಳಿನಷ್ಟಿದ್ದಾಗಿನಿಂದ ಹಿಡಿದು ಎಲ್ಲವನ್ನೂ, ನೆಲ ನೋಡುತ್ತ ಹೇಳಿದ.

"ಮದವಿಕಿಂತ ಮೊದಲ ಗೊತ್ತಿತ್ತೇನು?"

"ಗೊತ್ತಿತ್ತು."

ಅವಳು ಬುತ್ತಿಯ ಗಂಟನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ಹೇಳಿದಳು, "ನನಗ ಹೇಳಿದ್ರ ನಾ ಒಲ್ಲೆ ಅಂತಿದ್ನೋ ಏನೋ, ಗೊತ್ತಿಲ್ಲ. ಒಲ್ಲೆ ಅಂದಿದ್ರೂ ನೀವು ಉಳೀತಿದ್ರಿ."

ಕಲ್ಮೇಶ ಮುಖ ಮುಚ್ಚಿಕೊಂಡು ಅತ್ತ. ಬುದ್ಧಿ ಬಂದ ಮೇಲೆ ಅವನು ಯಾರೆದುರೂ ಅತ್ತಿರಲಿಲ್ಲ. ಅವಳಿಗೆ ಸಿಟ್ಟಿತ್ತು, ಆ ಸಿಟ್ಟನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. ಎದ್ದು ಅವನ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿ ಹಿಡಿದಳು.

ಮರುದಿನ ಬೆಳಿಗ್ಗೆ ಇಬ್ಬರೂ ಹೊರಟು ನಿಂತಾಗ ಮುದಕಪ್ಪ ಕಟ್ಟೆಯ ಮೇಲಿದ್ದ.

"ಎಲ್ಲಿ ಹೊಂಟೀರಿ?"

"ದವಾಖಾನಿಗೆ ಹೊಂಟೇವ್ರಿ ಮಾವಾರ."

"ಗಂಡಸರ ಬ್ಯಾನಿ ಗಂಡಸರು ನೋಡಿಕೋತಾರ. ನೀ ಒಳಗ ನಡಿ. ನಾಕ ಮಂದಿ ಕೇಳಿದ್ರ ಮನೆತನದ ಮರ್ಯಾದಿ ಏನಾಗಬೇಕು?"

"ಮರ್ಯಾದಿ ನೋಡಿಕೋತ ಕುಂತಿದ್ದಕ್ಕ ಇವರು ರಕ್ತ ಕೆಮ್ಮಾಕ ಹತ್ಯಾರ. ಎಮ್ಮಿಗೆ ಕೆಚ್ಚಲ ಬಾತ್ರ ಆವತ್ತ ಡಾಕ್ಟರನ ಕರೀತೀರಿ. ಮನಿ ಮಗಗ ವರ್ಷಗಟ್ಟಲೆ ಬಟ್ಟಿ ಕಟ್ಟಿ ಕೂಡ್ರಿಸೀರಿ. ದಾರಿ ಬಿಡ್ರಿ."

ಒಳಗಿಂದ ಬಂದ ಕರೆವ್ವ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಗಂಡನ ಮುಖ ನೋಡಿದಳು. ಪರಸಪ್ಪ ತಲೆ ತಗ್ಗಿಸಿದ. ಆಗಲೇ ಆ ತಾಯಿಗೆ ಅರ್ಥವಾದದ್ದು.

ಸ್ಕ್ಯಾನ್ ಕೋಣೆಯಲ್ಲಿ ಡಾಕ್ಟರ್ ಪ್ರಜ್ಞಾ ಅವನ ಗುರುತು ಹಿಡಿದರು. "ಆವತ್ತ ಎದ್ದು ಹೋದವರು ನೀವ ಅಲ್ಲರಿ?" ಎಂದು ಮೆಲ್ಲಗೆ ಕೇಳಿದರು. ಈ ಸಲ ಕಲ್ಮೇಶ ಎದ್ದು ಹೋಗಲಿಲ್ಲ. ಅನ್ನಪೂರ್ಣಾಳ ಕೈ ಹಿಡಿದು ಮಲಗಿದ. ಪ್ರಜ್ಞಾ ನೋಡುತ್ತ ನೋಡುತ್ತ ಮಾತು ಕಡಿಮೆ ಮಾಡಿದರು. ಹೊಟ್ಟೆಯೊಳಗೆ ಗಂಟುಗಳಿದ್ದವು. ಮುಂದಿನ ಪರೀಕ್ಷೆಗಳಲ್ಲಿ ಪುಪ್ಪುಸದಲ್ಲೂ ಕಂಡವು. ಬೆನ್ನು ನೋವು, ಕೆಮ್ಮು ಎಲ್ಲ ಅದರದೇ.

ನಿಜಗುಣಪ್ಪ ಬೈಯಲಿಲ್ಲ. "ಇನ್ನೂ ಆಸೆ ಬಿಡೂದು ಬ್ಯಾಡ. ಹರಡಿದ ಮ್ಯಾಲೂ ಗುಣ ಆದವರದಾರ. ಆದ್ರ ನಾವು ಭಾಳ ತಡಾ ಮಾಡೇವಿ" ಎಂದರು. ನೀವು ಎನ್ನದೆ ನಾವು ಎಂದ ಆ ಮಾತಿಗೆ, ಅವರ ಹಿಂದೆಯೇ ಬಂದಿದ್ದ ಪರಸಪ್ಪನ ಕಣ್ಣು ತುಂಬಿತು.

ದೊಡ್ಡ ಆಸ್ಪತ್ರೆಯಲ್ಲಿ ಶಸ್ತ್ರಕ್ರಿಯೆ ಆಯಿತು, ಆಮೇಲೆ ಕೀಮೋ. ಕಲ್ಮೇಶನ ಕೂದಲು, ಹುಬ್ಬು ಉದುರಿದವು. ಪೈಲವಾನನ ಮೈ ಇಳಿದು ಹುಡುಗನ ಮೈಯಾಯಿತು. ನಡುವೆ ಕೆಲವು ದಿನ ಕೆಮ್ಮು ಕಡಿಮೆಯಾಗಿ, ಅನ್ನ ಬೇಕು ಎಂದು ಕೇಳಿ ಉಂಡ. ಗುಣವಾದರೆ ಸಂಪಗಾಂವದಲ್ಲೇ ಒಂದು ಅಂಗಡಿ ಹಾಕೋಣ, ನೀನು ಮತ್ತೆ ಶಾಲೆಗೆ ಹೋಗು ಎಂದು ಹೆಂಡತಿಗೆ ಹೇಳಿದ. ಆ ದಿನಗಳಲ್ಲಿ ಅವನು ನಿದ್ದೆಯನ್ನೂ ಮಾಡಿದ. ಮುಚ್ಚಿಡುವುದು ಏನೂ ಉಳಿದಿರಲಿಲ್ಲವಲ್ಲ. ಅನ್ನಪೂರ್ಣಾ ಪಕ್ಕದಲ್ಲಿ ಕುಳಿತು ಅವನು ಉಸಿರಾಡುವುದನ್ನು ನೋಡುತ್ತಿದ್ದಳು. ಮದುವೆಯಾದ ಮೇಲೆ ಅವಳು ಕಂಡ ಸುಖ ಅಷ್ಟೇ.

ಆಮೇಲೆ ರೋಗ ಮೆದುಳಿಗೂ ಏರಿತು. ಒಂದು ಸಂಜೆ ಪರಸಪ್ಪ ಅವನನ್ನು ಮಂಚದಿಂದ ಎತ್ತಿ ಕುರ್ಚಿಗೆ ಕೂಡಿಸುತ್ತಿದ್ದ. ಎತ್ತಲು ಒಂದೇ ತೋಳು ಸಾಕಾಯಿತು. ಕಲ್ಮೇಶ ತೊದಲುತ್ತ ಕೇಳಿದ, "ಅಪ್ಪಾ, ನನಗ ಒಬ್ಬ ತಮ್ಮ ಇದ್ದಿದ್ರ, ಅವಗೂ ಸುಮ್ಮನಿರು ಅಂತಿದ್ದೇನು?"

ಪರಸಪ್ಪ ಮಗನನ್ನು ಕೂಡಿಸಿ, ಅವನ ಪಾದಗಳನ್ನು ಹಿಡಿದುಕೊಂಡು ನೆಲದ ಮೇಲೆ ಕುಳಿತುಬಿಟ್ಟ. ಆ ವಾರವೇ ಕಲ್ಮೇಶ ತೀರಿಕೊಂಡ. ಮದುವೆಯ ಎರಡನೆಯ ವರ್ಷ ಇನ್ನೂ ತುಂಬಿರಲಿಲ್ಲ.

ಮಾತಾಡಿಸಲು ಬಂದವರಿಂದ ಪಡಸಾಲೆ ತುಂಬಿತು. ಒಳಮನೆಯಲ್ಲಿ ಹೆಂಗಸರು, ಹೊರಗೆ ಗಂಡಸರು. ಒಳಗೆ ಯಾರೋ ಒಬ್ಬಳು, "ಸೊಸಿ ಕಾಲ್ಗುಣ ಚಲೋ ಇಲ್ಲ. ಕಲ್ಲಿನಂಥಾ ಹುಡುಗ, ಈಕಿ ಬಂದ ಮ್ಯಾಲ ಕರಗಿದ" ಎಂದಳು. ಅನ್ನಪೂರ್ಣಾಳಿಗೆ ಅದು ಕೇಳಿಸಿತು. ಪಡಸಾಲೆಯಲ್ಲಿ ಕುಳಿತಿದ್ದ ಅವಳ ತಂದೆಗೂ ಕೇಳಿಸಿತು. ಅವರು ಅಳಿಯನ ಫೋಟೋ ನೋಡುತ್ತ ಕುಳಿತಿದ್ದರು.

ಬಂದವರೊಬ್ಬರು ಕೇಳಿದರು, "ಏನಾಗಿತ್ತರಿ ಹುಡುಗಗ?"

"ಅರಿಶಿಣ ಕಾಮಣಿ" ಎಂದ ಮುದಕಪ್ಪ. "ಭಾಳ ಜೋರಾಗಿತ್ತು. ಯಾರ ಕೈಯಾಗೂ ಉಳೀಲಿಲ್ಲ."

ಆ ಮಾತು ಕೇಳಿ ಅನ್ನಪೂರ್ಣಾ ಎದ್ದಳು. ಅವಳು ಹೊಸ್ತಿಲು ದಾಟಿ ಗಂಡಸರ ನಡುವೆ ಬಂದು ನಿಂತಾಗ ಮಾತುಗಳೆಲ್ಲ ನಿಂತವು.

"ಒಳಗ ನಡಿಯವ್ವಾ, ಹಿರ್ಯಾರು ಕುಂತಾರ" ಎಂದ ಮುದಕಪ್ಪ.

"ಹೇಳಲಿ ಬಿಡಣ್ಣಾ" ಎಂದ ಪರಸಪ್ಪ. ಅಣ್ಣನ ಮಾತಿಗೆ ಅವನು ಎದುರಾಡಿದ್ದು ಅದೇ ಮೊದಲು.

"ಕಾಮಣಿ ಆಗಿರಲಿಲ್ಲರಿ" ಎಂದಳು ಅನ್ನಪೂರ್ಣಾ. ದನಿ ಎಲ್ಲರಿಗೂ ಕೇಳಿಸಿತು. "ಅವರಿಗೆ ಬೀಜದ ಕ್ಯಾನ್ಸರ್ ಆಗಿತ್ತು. ಕಾಳಿನಷ್ಟ ಗಂಟ ಇದ್ದಾಗ ತೋರಿಸಿದ್ರ ಉಳೀತಿದ್ರು ಅಂತ ಡಾಕ್ಟರು ಹೇಳ್ಯಾರ. ನೋವು ಇರಲಿಲ್ಲ, ಅದಕ್ಕ ಸುಮ್ಮನ ಕುಂತ್ರು. ನಾಚಿಕಿಂದ ಸುಮ್ಮನ ಕುಂತ್ರು. ಲಗ್ನ ತಪ್ಪತೈತಿ ಅಂತ ಸುಮ್ಮನ ಕೂಡ್ರಿಸಿದ್ರು. ನನ್ನ ಕಾಲ್ಗುಣ ಅನ್ನೋರು ಅನ್ನರಿ, ನಾ ತಡಕೋತೇನಿ. ಆದ್ರ ಸತ್ತ ಮ್ಯಾಲೂ ಅವರ ರೋಗ ಮುಚ್ಚಿಟ್ರ, ನಿಮ್ಮ ಮನಿ ಹುಡುಗರೂ ಮುಚ್ಚಿಡತಾರ. ಇಲ್ಲಿ ಕುಂತವರಿಗೆಲ್ಲಾ ಗಂಡಮಕ್ಕಳದಾರ. ಹೋಗಿ ಅವರಿಗೆ ಹೇಳ್ರಿ. ಎಲ್ಲ್ಯರ ಗಂಟ ಹತ್ತಿದ್ರ, ಮೂತ್ರದಾಗ ರಕ್ತ ಬಂದ್ರ ನಮಗ ಹೇಳ್ರಪ್ಪಾ, ನಾವು ಬೈಯೂದಿಲ್ಲ ಅಂತ ಹೇಳ್ರಿ."

ಕುಳಿತವರಲ್ಲಿ ಒಬ್ಬರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಪರಸಪ್ಪ ಎರಡೂ ಕೈಗಳಿಂದ ಎದೆ ಬಡಿದುಕೊಂಡು, "ನಾನ ತಡದ್ನೆಪ್ಪೋ, ನಾನ ನನ್ನ ಮಗನ್ನ ತಡದೆ" ಎಂದು ಗೋಳಾಡಿದ.

ಜನ ಒಬ್ಬೊಬ್ಬರಾಗಿ ಎದ್ದುಹೋದರು. ಮುದಕಪ್ಪ ಮಾತ್ರ ಅಂಗಳದಲ್ಲೇ ಉಳಿದ. ಅನ್ನಪೂರ್ಣಾ ನೀರಿನ ತಂಬಿಗೆಗಳನ್ನು ಎತ್ತಲು ಬಂದಾಗ, ಅವಳ ಕಡೆ ನೋಡದೆ ಹೇಳಿದ.

"ಅವ್ವಾ, ನನಗೂ ನೆಟ್ಟಗ ನಿದ್ದಿಲ್ಲ. ಎದ್ದೆದ್ದು ಹೊರಗ ಹೋಗಬೇಕಾಗತೈತಿ. ಮೂತ್ರ ಕಟ್ಟಿ ಕಟ್ಟಿ ಬರತೈತಿ. ಈಗೀಗ ರಕ್ತ ಬೀಳಾಕ ಹತ್ತೇತಿ."

ಅವಳು ತಂಬಿಗೆ ಹಿಡಿದುಕೊಂಡು ನಿಂತಳು. ವೈದ್ಯರ ಮುಂದಿನಿಂದ ತನ್ನ ಗಂಡನನ್ನು ಎಬ್ಬಿಸಿಕೊಂಡು ಬಂದವನು ಈ ಮನುಷ್ಯ. ನನಗ್ಯಾಕ ಹೇಳತೀರಿ ಎಂದು ಕೇಳಿ ಒಳಗೆ ಹೋಗಬಹುದಿತ್ತು. ಹೋಗಬೇಕು ಎಂದೂ ಅನಿಸಿತು. ಕೊನೆಗೆ ಅವಳು ಹೇಳಿದ್ದು ಇಷ್ಟೇ: "ನಾಳಿ ಮುಂಜಾನೆ ತಯಾರಾಗ್ರಿ. ನಾ ಕರಕೊಂಡ ಹೋಗತೇನಿ."

ಗಂಡ ಸತ್ತ ಹೆಂಗಸು ದಿನಗಳು ಮುಗಿಯುವ ತನಕ ಮನೆಯಿಂದ ಹೊರಗೆ ಬೀಳಬಾರದು. ಓಣಿಯ ಹೆಂಗಸರು ಬಾಗಿಲಲ್ಲಿ ನಿಂತು ನೋಡಿದರು. ಕರೆವ್ವ ಸೊಸೆಯ ಜೊತೆ ಬಸ್ ನಿಲ್ದಾಣದ ತನಕ ನಡೆದುಬಂದು, ಅವಳನ್ನು ತಾನೇ ಬಸ್ಸು ಹತ್ತಿಸಿದಳು.

ಬೈಲಹೊಂಗಲದಲ್ಲಿ ನಿಜಗುಣಪ್ಪ ಅನ್ನಪೂರ್ಣಾಳನ್ನು ಬರಿಗೊರಳಲ್ಲಿ ನೋಡಿ ಎದ್ದು ನಿಂತರು, ಏನೂ ಕೇಳಲಿಲ್ಲ. ಮುದಕಪ್ಪನನ್ನು ಕೂಡಿಸಿಕೊಂಡು, "ವಯಸ್ಸಾದ ಮ್ಯಾಲ ಪ್ರಾಸ್ಟೇಟ್ ಗ್ರಂಥಿ ಸಾದಾ ಬಾತ್ರೂ ಹಿಂಗ ಆಗತೈತಿ, ಬ್ಯಾರೆ ರೋಗಾನೂ ಇರಬಹುದು. ನೋಡದನ ಹೇಳಾಕ ಬರೂದಿಲ್ಲ. ರಕ್ತ ಪರೀಕ್ಷಾ ಮಾಡೋಣು, ಸ್ಕ್ಯಾನ್ ಮಾಡೋಣು" ಎಂದರು. "ಎಷ್ಟ ದಿನ ಆತರಿ ಈ ತ್ರಾಸ?"

ಅವಳು ಹೊರಗೆ ಹೋಗಲಿ ಎಂದು ಮುದಕಪ್ಪ ಕಾಯುತ್ತಿದ್ದ. ಅವಳು ಹೋಗಲಿಲ್ಲ. ಅವನು ಧೋತರದ ಚುಂಗನ್ನು ಬೆರಳಿಗೆ ಸುತ್ತಿಕೊಂಡ.

"ಎರಡ ವರ್ಷದ ಮ್ಯಾಲಾತ್ರಿ" ಎಂದ. "ಆ ಹುಡುಗನ ಲಗ್ನದಕಿಂತ ಮೊದಲ ಶುರುವಾಗಿತ್ತು."

ಅನ್ನಪೂರ್ಣಾ ಅವನನ್ನೇ ನೋಡಿದಳು. ಲಗ್ನ ಆಗಲಿ, ಆಮ್ಯಾಲೆ ಬರತೇವಿ ಎಂದು ಇದೇ ಕುರ್ಚಿಯಿಂದ ಎದ್ದುಹೋದಾಗ, ಆ ಮುದುಕ ತನ್ನದನ್ನೂ ಧೋತರದೊಳಗೆ ಕಟ್ಟಿಕೊಂಡೇ ಎದ್ದಿದ್ದ. ಕಲ್ಮೇಶನಿಗೆ ಕಲಿಸಿದ್ದು ತಾನು ಬದುಕುತ್ತಿದ್ದ ರೀತಿಯನ್ನೇ. ಅವಳಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಹೊರಗೆ ಬಂದು ಬೆಂಚಿನ ಮೇಲೆ ಕುಳಿತಳು.

ಮುದಕಪ್ಪನಿಗೆ ಕಿವಿ ಮಂದ. ಕಿವಿ ಮಂದವಿದ್ದವರು ಮಾತಾಡುವಂತೆ ಅವನು ದೊಡ್ಡ ದನಿಯಲ್ಲೇ ಮಾತಾಡುತ್ತಿದ್ದ. ಎಲ್ಲಿ ನೋವು, ಮೂತ್ರ ಹೇಗೆ ಬರುತ್ತದೆ, ರಕ್ತ ಯಾವ ಬಣ್ಣದ್ದು, ಎಲ್ಲವೂ ಬಾಗಿಲಾಚೆ ಕುಳಿತವರಿಗೆ ಕೇಳಿಸುತ್ತಿತ್ತು. ಅಲ್ಲಿ ಗಂಡಸರಿದ್ದರು, ಹೆಂಗಸರಿದ್ದರು, ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡ ಹರೆಯದ ತಂದೆಯೊಬ್ಬನಿದ್ದ. ಯಾರೂ ನಗಲಿಲ್ಲ. ಯಾರೂ ಮುಖ ತಿರುಗಿಸಲಿಲ್ಲ. ಹೇಳುವುದು ಇಷ್ಟು ಸಣ್ಣ ಕೆಲಸವಾಗಿತ್ತು. ಅನ್ನಪೂರ್ಣಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಆ ಜನರ ನಡುವೆಯೇ ಅತ್ತಳು.